ಎರಡು ಎತ್ತರದ ಒಂದು ಜೋಡಿ ಚಪ್ಪಲಿ

ನಾಟಕಕ್ಕೆ ಹೊಸದಾಗಿ ಬರುವ ಹುಡುಗಿಯರು ಈಗಲೂ ನಮ್ಮ ಮನೆಗೆ ಬರುತ್ತಾರೆ. ಮಾತು ಹೇಗೆ ಹೇಳಬೇಕು, ಹಾಡನ್ನು ಯಾವ ಶ್ರುತಿಯಲ್ಲಿ ಎತ್ತಿಕೊಳ್ಳಬೇಕು ಎಂದು ಕೇಳುತ್ತಾರೇನೋ ಎಂದು ನಾನು ಕಾದು ಕೂತರೆ, ಚಹಾ ಮುಗಿಯುವಷ್ಟರಲ್ಲಿ ಅವರು ಕೇಳುವುದು ಒಂದೇ: "ಅಮ್ಮಾರೇ, ಅಷ್ಟು ಎತ್ತರದ ಹೈಹೀಲ್ಡ್ ಹಾಕ್ಕಂಡು ಹಲಗಿ ಮ್ಯಾಲ ಹೆಂಗ ನಡೀತಿದ್ರಿ?" ಮೊದಮೊದಲು ಸಿಟ್ಟು ಬರುತ್ತಿತ್ತು. ಇಷ್ಟೆಲ್ಲ ಪಾತ್ರ ಮಾಡಿದವಳನ್ನು ಚಪ್ಪಲಿಯಿಂದ ಗುರುತಿಸುವುದೆಂದರೇನು? ಆಮೇಲೆ ಯೋಚಿಸಿದರೆ ಅವರು ಕೇಳುವುದು ಸರಿಯಾಗಿಯೇ ಇದೆ. ನಾಯಕಿ ಬಾಯಿ ತೆರೆಯುವ ಮೊದಲು ನಡೆದು ಬರುತ್ತಾಳೆ. ಪಕ್ಕದ ಪರದೆಯ ಮರೆಯ ವಿಂಗಿನಿಂದ ರಂಗದ ನಡುವಿನವರೆಗೆ ಇರುವ ಆ ಗೇಣುದ್ದದ ದಾರಿಯಲ್ಲೇ ಮಂದಿ ಅವಳನ್ನು ಒಪ್ಪುವುದೋ ಬಿಡುವುದೋ ಎಂದು ತೀರ್ಮಾನ ಮಾಡಿಬಿಡುತ್ತಾರೆ.

ಆದ್ದರಿಂದ ನನಗೆ ಯಾವ ಊರಿನಲ್ಲಿ ಶಾಲು ಹೊದಿಸಿದರು, ಯಾರು ಬಿರುದು ಕೊಟ್ಟರು ಎಂಬುದನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ಆ ಶಾಲುಗಳು ಟ್ರಂಕಿನಲ್ಲಿ ನುಸಿಗುಳಿಗೆಯ ವಾಸನೆ ಹೊಡೆಯುತ್ತ ಬಿದ್ದಿವೆ. ನಡೆಯುವುದನ್ನು ಕಲಿತದ್ದನ್ನು ಬರೆಯುತ್ತೇನೆ. ಬಳ್ಳಾರಿ ಸೀಮೆಯಲ್ಲಿ ನನ್ನಷ್ಟು ಎತ್ತರದ ಚಪ್ಪಲಿ ಹಾಕಿಕೊಂಡು ನನ್ನಷ್ಟು ಹಗುರವಾಗಿ ನಡೆದ ನಟಿ ಇನ್ನೊಬ್ಬಳಿರಲಿಲ್ಲ. ಇದನ್ನು ಜಂಬ ಅನ್ನುವವರು ಅನ್ನಲಿ, ನನಗೇನೂ ಬೇಸರವಿಲ್ಲ.

ಮೊದಲೇ ಒಂದು ವಿಷಯ ಹೇಳಿಬಿಡಬೇಕು. ನನ್ನ ಎಡಗಾಲು ಬಲಗಾಲಿಗಿಂತ ಗಿಡ್ಡ.

ನಮ್ಮವ್ವ ನಾಟಕ ಕಂಪನಿಯಲ್ಲಿ ಪೌರಾಣಿಕ ಪಾತ್ರಗಳ ರಾಣಿ. ಕಂಪನಿ ಒಂದೂರಿನಿಂದ ಇನ್ನೊಂದೂರಿಗೆ ಹೋಗುವಾಗ ಸೀನರಿ ಹೇರಿದ ಬಂಡಿಯ ಮೇಲೆ ನನ್ನನ್ನು ಕೂರಿಸುತ್ತಿದ್ದರು. ಹಾಗೊಮ್ಮೆ ಮೇಲಿಂದ ಬಿದ್ದು ತೊಡೆಯ ಎಲುಬು ಮುರಿಯಿತು. ನಾಟಿ ವೈದ್ಯರು ಬಿದಿರಿನ ದಬ್ಬೆ ಕಟ್ಟಿದರು. ಎಲುಬೇನೋ ಕೂಡಿತು, ಆದರೆ ತುದಿಗೆ ತುದಿ ಸೇರದೆ ಒಂದರ ಮೇಲೊಂದು ಏರಿ ಕೂಡಿತು. ಕಾಲಿನ ಬಲ ಕಡಿಮೆಯಾಗಲಿಲ್ಲ. ಓಡುತ್ತಿದ್ದೆ, ಕುಂಟೋಬಿಲ್ಲೆ ಆಡುತ್ತಿದ್ದೆ. ಆದರೆ ನಡೆಯುವಾಗ ಎಡಗಾಲು ಊರಿದಾಗಲೆಲ್ಲ ಎಡ ಹೆಗಲು ತಟ್ಟನೆ ಕೆಳಗಿಳಿಯುತ್ತಿತ್ತು. ಬಳ್ಳಾರಿಯ ಬ್ರೂಸ್‌ಪೇಟೆಯ ನಮ್ಮ ಓಣಿಯಲ್ಲಿ ನೀಲಮ್ಮ ಎಂದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಕುಂಟ ನೀಲಿ ಎಂದರೆ ಮನೆ ಬಾಗಿಲವರೆಗೂ ತಂದು ಬಿಡುತ್ತಿದ್ದರು.

ದೊಡ್ಡವಳಾದ ಮೇಲೆ ನನಗೆ ಸಿಕ್ಕಿದ್ದೆಲ್ಲ ಕೂತಲ್ಲೇ ಮುಗಿಯುವ ಪಾತ್ರಗಳು. ಕ್ಷಯದ ತಾಯಿ, ಕುರುಡಿ ಅಜ್ಜಿ, ಪರದೆ ಏಳುವ ಮೊದಲೇ ಹಾಸಿಗೆಯಲ್ಲಿ ಮಲಗಿದ್ದು ಎರಡನೆಯ ಅಂಕದಲ್ಲಿ ಸಾಯುವವಳು. ಸತ್ತ ಮೇಲೆ ವಿಂಗಿಗೆ ಬಂದು ನಿಂತು, ನಾಯಕಿಗೆ ಮಾತು ಎತ್ತಿಕೊಡುವ ಕೆಲಸ. ಎಲ್ಲ ನಾಟಕಗಳ ಎಲ್ಲ ನಾಯಕಿಯರ ಮಾತೂ ನನ್ನ ನಾಲಿಗೆಯ ತುದಿಯಲ್ಲಿತ್ತು. ಹಾಡಿನಲ್ಲಿ ನನ್ನ ಕಂಠಕ್ಕೆ ಸಾಟಿಯಿಲ್ಲ ಎಂದು ಅವ್ವನ ಜೊತೆಯವರೇ ಹೇಳುತ್ತಿದ್ದರು. ನನಗೆ ಬೇಕಾಗಿದ್ದದ್ದು ಒಂದೇ. ನಾಯಕಿಯಾಗಿ ಒಮ್ಮೆ ವಿಂಗಿನಿಂದ ನಡೆದು ಬರಬೇಕು, ಯಾರೂ ನಗಬಾರದು. ಅದಕ್ಕಾಗಿ ಏನು ಬೇಕಾದರೂ ಮಾಡಲು ತಯಾರಿದ್ದೆ.

ಈಗಿನವರಿಗೆ ನಮ್ಮ ಕಸುಬಿನ ರೀತಿ ತಿಳಿಯಬೇಕು. ಸುಗ್ಗಿ ಮುಗಿದ ಮೇಲೆ ನಮ್ಮ ಕಡೆಯ ಊರುಗಳ ಗಂಡಸರು ತಾವೇ ಸೇರಿ ನಾಟಕ ಕಲಿಯುತ್ತಾರೆ. ತಿಂಗಳುಗಟ್ಟಲೆ ಕಲಿಸಲು ಒಬ್ಬ ಮಾಸ್ತರರನ್ನು ಇಟ್ಟುಕೊಳ್ಳುತ್ತಾರೆ. ಹೆಣ್ಣು ಪಾತ್ರಗಳಿಗೆ ಮಾತ್ರ ನಮ್ಮಂಥವರನ್ನು ಬಳ್ಳಾರಿಯಿಂದ ಕರೆಸುತ್ತಾರೆ. ನಾವು ಹಿಂದಿನ ದಿನ ಹೋಗಿ ಒಂದು ಟ್ರಯಲ್ ಮಾಡಿ, ಮರುದಿನ ರಂಗ ಏರುತ್ತಿದ್ದೆವು. ಮುಖ ನೋಡದ ನಾಯಕ, ಕಾಲಿಡದ ರಂಗ, ಆದರೂ ಜನ್ಮಜನ್ಮದ ಗಂಡಹೆಂಡತಿಯಂತೆ ಮಾತಾಡಬೇಕು. ಇದು ಸುಲಭದ ಕೆಲಸ ಅನ್ನುವವರು ಒಂದು ಸಲ ಮಾಡಿ ತೋರಿಸಲಿ.

ಹಾಗೆ ಊರೂರಿಗೆ ಹೋಗಿ ಕಲಿಸುವ ನಮ್ಮ ಮಾಸ್ತರರು ರುದ್ರಪ್ಪನವರು. ಹಾರ್ಮೋನಿಯಂ ಪೆಟ್ಟಿಗೆ ನುಡಿಸುತ್ತಲೇ ಮಾತು ತಿದ್ದುವವರು. ಹೆಂಗಸರು ರಂಗಕ್ಕೆ ಬಾರದ ಕಾಲದಲ್ಲಿ ತಾವೇ ಸೀರೆ ಉಟ್ಟು ಹೆಣ್ಣು ಪಾತ್ರ ಮಾಡಿದವರು. ಐವತ್ತು ದಾಟಿ ಮೀಸೆ ಬೆಳ್ಳಗಾಗಿದ್ದರೂ, ಎದ್ದು ನಾಲ್ಕು ಹೆಜ್ಜೆ ಹಾಕಿ ತೋರಿಸಿದರೆ ನಾವು ಹೆಂಗಸರೇ ನಾಚಬೇಕು, ಅಂಥ ನಡಿಗೆ.

ಅರವತ್ತರ ದಶಕ ಮುಗಿಯುತ್ತ ಬಂದಂತೆ ಊರಿನವರಿಗೆ ಪೌರಾಣಿಕ ನಾಟಕ ಸಪ್ಪೆಯಾಯಿತು. ಸಾಮಾಜಿಕ ನಾಟಕ ಬೇಕು, ಅದರಲ್ಲಿ ಪಟ್ಟಣದಲ್ಲಿ ಓದಿ ಬಂದ ಸೊಕ್ಕಿನ ಹುಡುಗಿ ಬೇಕು, ಅವಳ ಕೈಯಲ್ಲಿ ವ್ಯಾನಿಟಿ ಬ್ಯಾಗು, ಕಣ್ಣಿಗೆ ಕಪ್ಪು ಕನ್ನಡಕ, ಕಾಲಿಗೆ ಹೈಹೀಲ್ಡ್ ಚಪ್ಪಲಿ ಇರಲೇಬೇಕು. ನಮ್ಮ ನಾಯಕಿಯರಿಗೆ ಗೆಜ್ಜೆ ಕಟ್ಟಿ ಗೊತ್ತು, ಹೀಲ್ಡು ಮೆಟ್ಟಿ ಗೊತ್ತಿಲ್ಲ. ಒಬ್ಬಳು ಕೋಳಿಯಂತೆ ಕತ್ತು ಮುಂದೆ ಚಾಚಿ ನಡೆದಳು. ಇನ್ನೊಬ್ಬಳು ನಾಯಕನ ತೋಳು ಹಿಡಿದವಳು ಮೂರನೆಯ ಅಂಕದವರೆಗೂ ಬಿಡಲಿಲ್ಲ, ಪ್ರೇಮ ಅಪಾರವೆಂದು ಮಂದಿ ಮೆಚ್ಚಿದರು.

ನನ್ನ ಅದೃಷ್ಟ ತೆರೆದದ್ದು ಸರೋಜಳ ಚಪ್ಪಲಿ ಮುರಿದದ್ದರಿಂದ. ಸರೋಜ ನನ್ನ ವಾರಿಗೆಯವಳು, ನೋಡಲು ಚಂದ, ನಮ್ಮಲ್ಲಿ ನಾಯಕಿ ಅವಳೇ. ಮಾಸ್ತರರ ಮನೆಯಲ್ಲಿ ತಾಲೀಮು ನಡೆದಾಗ ಅವಳ ಬಲಗಾಲಿನ ಹೀಲ್ಡು ಚಟ್ಟನೆ ಕಿತ್ತು ಬಂತು. "ಹಾಳಾಗಿ ಹೋಗ್ಲಿ!" ಎಂದು ಎರಡನ್ನೂ ಒದ್ದು, ಕಾಲು ತಿಕ್ಕಿಕೊಳ್ಳುತ್ತ ಕೂತಳು. ಎತ್ತಿಡಲು ಹೋದ ನಾನು, ಯಾಕೋ ಆ ಜೋಡಿಯನ್ನು ಮೆಟ್ಟಿದೆ. ಬಲಗಾಲಿನದು ಹೀಲ್ಡು ಇಲ್ಲದೆ ಚಪ್ಪಟೆ, ಎಡಗಾಲಿನದು ಎತ್ತರ. ಮೆಟ್ಟಿ ನಿಂತೆ.

ಅಡಿಕೆ ಕತ್ತರಿಸುತ್ತಿದ್ದ ಅವ್ವನ ಕೈ ನಿಂತಿತು.

"ನೀಲೀ, ನೆಟ್ಟಗ ನಿಂತಿಯಲ್ಲೇ!" ಎಂದಳು.

ಮಾಸ್ತರರು ಪೆಟ್ಟಿಗೆಯಿಂದ ಕೈ ತೆಗೆದು ನನ್ನ ಹೆಗಲುಗಳನ್ನೇ ನೋಡಿದರು. ಬುದ್ಧಿ ಬಂದಾಗಿನಿಂದ ನಾನು ಎರಡೂ ಕಾಲಿನ ಮೇಲೆ ಸಮನಾಗಿ ನಿಂತದ್ದು ಅದೇ ಮೊದಲು. ನನಗೆ ಅಳು ಬಂತು, ಜೋರಾಗಿಯೇ ಅತ್ತೆ. ಸರೋಜ ಗಾಬರಿಯಾಗಿ, "ಚಪ್ಪಲಿ ನೀನ ಇಟ್ಟುಕೋ ಮಾರಾಯ್ತಿ, ಅಳಬ್ಯಾಡ" ಎಂದಳು.

ಎಡಗಾಲಿಗೆ ಮಾತ್ರ ದಪ್ಪನೆಯ ಚಪ್ಪಲಿ ಹೊಲಿಸಿಕೊಳ್ಳಬಹುದಿತ್ತಲ್ಲ ಎಂದು ನೀವು ಕೇಳಬಹುದು. ಒಂದು ಕಾಲಿಗೆ ದಪ್ಪ, ಇನ್ನೊಂದಕ್ಕೆ ತೆಳುವಾದರೆ ಕುರುಡನಿಗೂ ಕಾಣುತ್ತದೆ. ಎರಡೂ ಎತ್ತರವಾಗಿದ್ದು, ಒಂದು ಇನ್ನಷ್ಟು ಎತ್ತರವಾದರೆ ಸೀರೆಯ ಅಂಚಿನೊಳಗೆ ಯಾರಿಗೂ ತಿಳಿಯುವುದಿಲ್ಲ. ಹೈಹೀಲ್ಡ್ ಬಂದದ್ದು ಬೇರೆ ನಟಿಯರಿಗೆ ಕಾಟವಾಯಿತು, ನನಗೆ ಮಾತ್ರ ಅದು ದೇವರು ಬಾಗಿಲು ತೆರೆದಂತೆ.

ಬ್ರೂಸ್‌ಪೇಟೆಯಲ್ಲೇ ಚಪ್ಪಲಿ ಹೊಲಿಯುವ ತಿಮ್ಮಣ್ಣನ ಬಳಿ ಹೋದೆವು. ಅವನು ಕಣ್ಣು ಕೆಂಪಗೆ ಮಾಡಿದ.

"ಒಂದು ಉದ್ದ ಒಂದು ಗಿಡ್ಡ ಹೊಲದ್ರ ನನ್ನ ಹೆಸರು ಏನಾಗಬೇಕ್ರಿ ಮಾಸ್ತರ? ತಿಮ್ಮಣ್ಣಗ ಕಣ್ಣು ಮಂಜಾಗ್ಯಾವ ಅಂತಾರ ಮಂದಿ."

"ನಿನ್ನ ಹೆಸರು ಯಾರಿಗೂ ಹೇಳಂಗಿಲ್ಲ ತಗೋ," ಎಂದರು ಮಾಸ್ತರರು.

"ಅಂದ್ರ? ನಾ ಮಾಡಿದ್ದು ಅಂತ ಹೇಳಾದ ಇಲ್ಲೇನು?" ಎಂದು ಅದಕ್ಕೂ ಸಿಟ್ಟಾದ.

ಕೊನೆಗೆ ನನ್ನ ಕಾಲ ಕೆಳಗೆ ಚರ್ಮದ ಅಟ್ಟೆಯ ಚೂರುಗಳನ್ನು ಒಂದೊಂದಾಗಿ ಪೇರಿಸುತ್ತ, ಮಾಸ್ತರರು ದೂರ ನಿಂತು ಹೆಗಲು ಸಮನಾಯಿತು ಎನ್ನುವವರೆಗೆ ಅಳತೆ ತೆಗೆದ. ಬಲದ ಹೀಲ್ಡು ನಾಲ್ಕು ಬೆರಳು, ಎಡದ್ದು ಆರು ಬೆರಳು. ಹಗುರವಾದ ಮರದಲ್ಲಿ ಕೆತ್ತಿ, ಕಪ್ಪು ಚರ್ಮ ಸುತ್ತಿ, ಹಿಮ್ಮಡಿಗೆ ಪಟ್ಟಿ ಬಿಗಿದು ಕೊಟ್ಟ. ಅಷ್ಟು ಎತ್ತರದ ಚಪ್ಪಲಿಯನ್ನು ಬಳ್ಳಾರಿಯ ಯಾವ ಅಂಗಡಿಯಲ್ಲೂ ಆಗ ಯಾರೂ ಕಂಡಿರಲಿಲ್ಲ.

ಚಪ್ಪಲಿಯಾಯಿತು. ಕಲಿಯುವುದೆಲ್ಲಿ? ರಂಗದ ಚಪ್ಪಲಿ ಬೀದಿಯ ನೆಲ ಮುಟ್ಟಬಾರದೆಂಬುದು ನಮ್ಮ ಮಾಸ್ತರರ ಕಟ್ಟುನಿಟ್ಟು. ಬಣ್ಣದ ಪೆಟ್ಟಿಗೆಯ ಜೊತೆ ಅದಕ್ಕೂ ಅರಿಶಿನ ಕುಂಕುಮ ಆಗಬೇಕು, ರಂಗ ಏರುವ ಮುಂಚೆ ಮೆಟ್ಟಿ, ಇಳಿದ ಕೂಡಲೇ ಒರೆಸಿ ಬಟ್ಟೆಯಲ್ಲಿ ಸುತ್ತಿಡಬೇಕು. ಇತ್ತ ಮನೆಯೊಳಗೆ ಚಪ್ಪಲಿ ಹಾಕಿ ಓಡಾಡಲು ಅವ್ವ ಬಿಡುವಳೇ? ಬೀದಿಯೂ ಇಲ್ಲ, ಮನೆಯೂ ಇಲ್ಲ. ಉಳಿದದ್ದು ಮಾಳಿಗೆ. ನಮ್ಮ ಕಡೆಯ ಹಳೆಯ ಮನೆಗಳಿಗೆ ಮಣ್ಣಿನ ಮಾಳಿಗೆ, ಮೇಲೆ ಸವಳು ಮಣ್ಣು ಹಾಸಿ ಬಡಿದು ಗಟ್ಟಿ ಮಾಡಿರುತ್ತಾರೆ. ದಿನವೂ ಬೆಳಗ್ಗೆ ಏಣಿ ಹತ್ತಿ ಆ ತುದಿಯಿಂದ ಈ ತುದಿಗೆ ನಡೆದೆ. ಮಾಸ್ತರರು ಎದುರಿಗೆ ಮಾಳಿಗೆಯ ಮೋಟುಗೋಡೆಯ ಮೇಲೆ ಕೂತು ಬೈಯುತ್ತಿದ್ದರು.

"ಕಾಲು ನೋಡಬ್ಯಾಡ. ಕಾಲು ಎಲ್ಲಿಗೂ ಓಡಿ ಹೋಗಂಗಿಲ್ಲ."

"ಬೀಳ್ತೀನಿ ಮಾಸ್ತರ."

"ಬಿದ್ರ ನಾಯಕಿ ಹಂಗ ಬೀಳು. ಮೊದಲು ನಿಲ್ಲಾಕ ಕಲಿ, ಆಮ್ಯಾಲ ನಡಿಯಾಕ."

ಹಲವು ದಿನ ಬರೀ ನಿಲ್ಲಿಸಿದರು. ಮೈಭಾರವನ್ನು ಹಿಮ್ಮಡಿಗೆ ಬಿಡದೆ ಬೆರಳುಗಳ ಬುಡದಲ್ಲಿ ಹಿಡಿಯಬೇಕು. ಮೊಣಕಾಲು ಕಟ್ಟಿಗೆಯಾಗಬಾರದು, ಒಂದಿಷ್ಟು ಸಡಿಲವಿರಬೇಕು. ಹೆಜ್ಜೆ ದಿನದ ಹೆಜ್ಜೆಗಿಂತ ಚಿಕ್ಕದು. ತಿರುಗುವಾಗ ಸೊಂಟ ಮೊದಲು, ಆಮೇಲೆ ಕಾಲಬೆರಳು; ಹಿಮ್ಮಡಿಯಿಂದ ತಿರುಗಲು ಹೋದರೆ ಕಣಕಾಲು ಉಳುಕುವುದು ಖಂಡಿತ. ಕೂರುವಾಗ ಕುರ್ಚಿಯನ್ನು ತಿರುಗಿ ನೋಡಬಾರದು, ಮೀನಖಂಡಕ್ಕೆ ಕುರ್ಚಿ ತಾಗಿದ್ದು ತಿಳಿದ ಮೇಲೆ ಕೂರಬೇಕು. ಬೊಬ್ಬೆ ಎದ್ದಲ್ಲಿ ಹರಳೆಣ್ಣೆ, ನೋವಿಗೆ ಬಿಸಿನೀರು ಉಪ್ಪು. ಹುಡುಗಿಯರೇ, ಇಷ್ಟು ಸಾಕು, ಉಳಿದದ್ದು ರೂಢಿ.

ರೂಢಿಗೆಂದು ನಾನು ಇನ್ನೊಂದು ಉಪಾಯ ಮಾಡಿದೆ. ಮನೆಯೊಳಗೆ ಚಪ್ಪಲಿ ಹಾಕುವ ಹಾಗಿಲ್ಲ, ಬರಿಗಾಲಿಗೆ ಯಾರ ಅಡ್ಡಿ? ಕಸ ಗುಡಿಸುವಾಗ, ನೀರು ತುಂಬುವಾಗ, ಬಟ್ಟೆ ಒಣಗಿಸುವಾಗ ಎರಡೂ ಹಿಮ್ಮಡಿ ಎತ್ತಿಯೇ ಓಡಾಡಿದೆ, ಎಡದ್ದು ಸ್ವಲ್ಪ ಹೆಚ್ಚು. ಮೊದಲು ಮೀನಖಂಡ ಗಂಟು ಕಟ್ಟಿ ಪ್ರಾಣ ಹೋದಂತಾಗುತ್ತಿತ್ತು. ಬರಬರುತ್ತ ಕಾಲು ಒಪ್ಪಿಕೊಂಡಿತು. ಅವ್ವನಿಗೆ ಮಾತ್ರ, "ಬೆಕ್ಕಿನಂಗ ಅಡ್ಡಾಡತಿಯಲ್ಲೇ, ಎದಿ ಧಸಕ್ ಅಂತೈತಿ" ಎಂದು ಗೊಣಗಾಟ.

ಅವ್ವ ನಿಜವಾಗಿ ಬೈದದ್ದು ಮೊದಲ ಮಳೆ ಬಂದ ದಿನ. ನಾನು ನಡೆದಲ್ಲೆಲ್ಲ ಹೀಲ್ಡಿನ ತುದಿ ಮಾಳಿಗೆಯ ಮಣ್ಣಿನಲ್ಲಿ ಸಣ್ಣ ಸಣ್ಣ ಗುಳಿ ಕೊರೆದಿತ್ತು. ನಮ್ಮ ಬಳ್ಳಾರಿಯಲ್ಲಿ ಮಳೆ ಬರುವುದೇ ಅಪರೂಪ, ಬಂದ ಮಳೆಯೆಲ್ಲ ನಮ್ಮ ಅಡುಗೆಮನೆಗೇ ಇಳಿಯಿತು. ಅವ್ವನ ಹಳೆಯ ಜರತಾರಿ ಪೋಷಾಕು ಒದ್ದೆ, ಜೋಳದ ಹಿಟ್ಟು ಒದ್ದೆ. ಗೋಡೆ ಹಂಚಿಕೊಂಡ ಪಕ್ಕದ ಮನೆಯವರು, "ನಿಮ್ಮ ಮಗಳು ನಾಯಕಿ ಆಗೋದ್ರಾಗ ನಾವು ತೇಲಿ ಹೋಗ್ತೀವಿ ನೋಡ್ರೀ" ಎಂದು ಜಗಳಕ್ಕೇ ಬಂದರು. ಆಮೇಲೆ ಮಾಸ್ತರರು ನಾಲ್ಕು ಹಲಗೆ ತಂದು ಮಾಳಿಗೆಯ ಮೇಲೆ ಹಾಸಿಕೊಟ್ಟರು. ಒಳ್ಳೆಯದೇ ಆಯಿತು, ರಂಗವೂ ಹಲಗೆಯದೇ.

ನನ್ನ ಮೊದಲ ನಾಯಕಿ ಪಾತ್ರ ಸಿರುಗುಪ್ಪದಲ್ಲಿ. ಅಕ್ಕಿ ಗಿರಣಿಯ ಮುಂದೆ ಭತ್ತ ಒಣಗಿಸುವ ಅಂಗಳದಲ್ಲಿ ಖಾಲಿ ಡ್ರಮ್ಮುಗಳನ್ನಿಟ್ಟು, ಮೇಲೆ ಹಲಗೆ ಜೋಡಿಸಿ ರಂಗ ಕಟ್ಟಿದ್ದರು. ನಾಯಕ ಗಿರಣಿ ಸಾಹುಕಾರರ ತಮ್ಮ ವೀರಭದ್ರ. ಮುಂದಿನ ಸಾಲಿನ ಕುರ್ಚಿಗಳಲ್ಲಿ ಅವನ ಅಣ್ಣ, ಅತ್ತಿಗೆ, ಬೀಗರು. ನಾನು ನಡೆದು ಬಂದೆ. ಯಾರೂ ನಗಲಿಲ್ಲ. ಸೀಟಿ ಹೊಡೆದರು! ಆ ಸೀಟಿ ಕೇಳಿ ಮೈ ಜುಮ್ಮೆಂದು, ಎದೆಯುಬ್ಬಿಸಿ ಇನ್ನೊಂದು ಹೆಜ್ಜೆ ಇಟ್ಟೆ ನೋಡಿ, ಎಡಗಾಲಿನ ಹೀಲ್ಡು ಎರಡು ಹಲಗೆಗಳ ಸಂದಿಯಲ್ಲಿ ಸಿಕ್ಕಿಕೊಂಡಿತು.

ಎಳೆದೆ, ಬರಲಿಲ್ಲ. ಕಾಲು ಹೊರಗೆ ತೆಗೆದರೆ ಬರಿಯ ಎಡಗಾಲ ಮೇಲೆ ನಿಲ್ಲಬೇಕು, ಹೆಗಲು ಜಾರುತ್ತದೆ, ಸಿರುಗುಪ್ಪದ ಮಂದಿಯೆಲ್ಲ ಕುಂಟ ನೀಲಿಯನ್ನು ನೋಡುತ್ತಾರೆ. ನಾಯಕನಿಗೆ ಮೆಲ್ಲಗೆ, "ಸ್ವಲ್ಪ ಜಗ್ಗಿ ತಗೀರಿ" ಎಂದೆ. ಅವನು ಮುಖ ಕಿವುಚಿ, "ಅಣ್ಣ ಕುಂತಾನ. ನಾ ಚಪ್ಪಲಿ ಮುಟ್ಟಂಗಿಲ್ಲ" ಎಂದ.

ನನಗೆ ಪಿತ್ತ ನೆತ್ತಿಗೇರಿತು. ಪುಸ್ತಕದಲ್ಲಿ ಇಲ್ಲದ ಮಾತು ಬಾಯಿಗೆ ಬಂತು. ಗಟ್ಟಿಯಾಗಿ, ಕೊನೆಯ ಸಾಲಿಗೂ ಕೇಳುವಂತೆ, "ಏನ್ರೀ, ನಾ ನಿಮ್ಮ ಅಂಗಿ ಒಗೀಬೇಕು, ನಿಮ್ಮ ಎಂಜಲ ಗಂಗಾಳ ತೊಳೀಬೇಕು. ನೀವು ಒಂದಿನ ನನ್ನ ಚಪ್ಪಲಿ ಮುಟ್ಟಿದ್ರ ಗಂಡಸ್ತನ ಕಮ್ಮಿ ಆಗತೈತೇನು?" ಎಂದೆ.

ಹೆಂಗಸರು ಕೂತಿದ್ದ ಕಡೆಯಿಂದ ಒಬ್ಬ ಮುದುಕಿ, "ಬಾಗಾ ಅಡಿಗಿಂದಿ ಪಿಲ್ಲ!" ಎಂದು ತೆಲುಗಿನಲ್ಲಿ ಕೂಗಿದಳು, ಹುಡುಗಿ ಚೆನ್ನಾಗಿ ಕೇಳಿದಳು ಎಂದು. ಅಷ್ಟೇ, ಹೆಂಗಸರ ಕಡೆಯಿಂದ ಚಪ್ಪಾಳೆಯೋ ಚಪ್ಪಾಳೆ. ಸಾಹುಕಾರರ ಹೆಂಡತಿಯೂ ಸೆರಗು ಬಾಯಿಗಿಟ್ಟು ನಕ್ಕರು. ವೀರಭದ್ರ ಬೇರೆ ದಾರಿಯಿಲ್ಲದೆ ಮೊಣಕಾಲೂರಿ ಕೂತು, ಎರಡೂ ಕೈಯಲ್ಲಿ ಚಪ್ಪಲಿ ಹಿಡಿದು ಜಗ್ಗಿದ. ನಾನು ಅವನ ಹೆಗಲ ಮೇಲೆ ಕೈಯೂರಿ ರಾಣಿಯಂತೆ ನಿಂತಿದ್ದೆ.

ಮರುವರ್ಷದಿಂದ ಯಾವ ಊರಿಗೆ ಹೋದರೂ, "ಆ ಚಪ್ಪಲಿ ಸೀನು ಇರಬೇಕ್ರಿ" ಎಂದು ಬೇಡಿಕೆ. ಒಂದೂರಿನಲ್ಲಂತೂ ಚಪ್ಪಲಿ ಎತ್ತುವವನು ನಾನಾಗಬೇಕು ಎಂದು ನಾಯಕನಿಗೂ ಖಳನಾಯಕನಿಗೂ ಜಗಳವಾಯಿತು.

ಆದರೂ ಪಾಠ ಕಲಿತೆ. ಅಲ್ಲಿಂದ ಮುಂದೆ ಯಾವ ಊರಿಗೆ ಹೋದರೂ ಹಗಲು ಹೊತ್ತಿನಲ್ಲೇ ರಂಗಕ್ಕೆ ನಮಸ್ಕಾರ ಮಾಡಿ, ಬರಿಗಾಲಲ್ಲಿ ಉದ್ದಗಲ ತಿರುಗಾಡಿ, ಸಂದಿ ಎಲ್ಲಿದೆ, ಯಾವ ಹಲಗೆ ಕುಣಿಯುತ್ತದೆ ಎಂದು ಕಾಲಿಗೆ ತಿಳಿಸಿಕೊಳ್ಳುತ್ತಿದ್ದೆ. ಕೊಳಗಲ್ಲಿನಲ್ಲಿ ರಂಗವೇ ಮಣ್ಣಿನ ದಿಬ್ಬ. ಅಲ್ಲಿ ಹೀಲ್ಡು ಸಸಿ ನೆಟ್ಟಂತೆ ಇಳಿಯಿತು. ತಿಮ್ಮಣ್ಣನಿಗೆ ಹೇಳಿ ತುದಿಗೆ ಅಗಲವಾದ ಅಟ್ಟೆ ಹೊಡೆಸಿದೆ. "ಮುಂದಿನ ಸಲ ನೀರಿನ ಮ್ಯಾಲ ನಡೀತೀನಿ ಅಂತಿಯೇನು?" ಎಂದು ಬೈಯುತ್ತಲೇ ಹೊಡೆದುಕೊಟ್ಟ.

ಎಪ್ಪತ್ತರ ದಶಕದಲ್ಲಿ ಇನ್ನೊಂದು ಬದಲಾವಣೆ ಬಂತು. ರಂಗದ ಮೇಲೆ ಮೈಕುಗಳನ್ನು ಇಳಿಬಿಡತೊಡಗಿದರು. ನಾವು ಗಂಟಲು ಹರಿದುಕೊಳ್ಳುವುದು ತಪ್ಪಿತು, ಜೊತೆಗೆ ಹೀಲ್ಡಿನ ಟಕ್ ಟಕ್ ಸದ್ದೂ ಇಡೀ ಊರಿಗೆ ಕೇಳತೊಡಗಿತು. ಆಗಿನಿಂದ ಮಾಸ್ತರರು ನನ್ನ ಪ್ರವೇಶವನ್ನೇ ತಬಲಾದ ತಾಳಕ್ಕೆ ಕೂರಿಸಿದರು. ಪರದೆಯ ಹಿಂದೆ ಟಕ್ ಟಕ್ ಕೇಳಿದೊಡನೆ ಮಂದಿ, "ಬಂದ್ಲು, ಬಂದ್ಲು" ಎಂದು ಎದ್ದು ಕೂರುತ್ತಿದ್ದರು. ಗೋಡೆಗೆ ಹಚ್ಚುವ ಹಾಳೆಗಳಲ್ಲಿ 'ಮಿಸ್ ನೀಲಾ' ಎಂದು ದೊಡ್ಡ ಅಕ್ಷರದಲ್ಲಿ ಬಂತು. ಹಳೆಯ ಹೆಸರನ್ನು ನಮ್ಮ ಓಣಿಯವರೂ ಮರೆಯುತ್ತ ಬಂದರು. ಚಪ್ಪಲಿಯ ಎರಡು ಎತ್ತರದ ಗುಟ್ಟು ಗೊತ್ತಿದ್ದದ್ದು ನಮ್ಮವ್ವ, ಮಾಸ್ತರರು, ಸರೋಜ ಮತ್ತು ತಿಮ್ಮಣ್ಣನಿಗೆ ಮಾತ್ರ.

ಹೀಗಿರುವಾಗ ಕುರುಗೋಡಿನಿಂದ ಕರೆ ಬಂತು. ನನ್ನದು ನಾಯಕಿ ಪಾತ್ರ, ಸರೋಜಳದು ನಾದಿನಿ ಪಾತ್ರ. ಚಪ್ಪಲಿಯ ಗಂಟು ತೊಡೆಯ ಮೇಲಿಟ್ಟುಕೊಂಡು ಬಸ್ಸು ಹತ್ತಿದೆ. ಇಳಿದು ನೋಡಿದರೆ ರಂಗ ಕಟ್ಟಿದ್ದದ್ದು ಗುಡಿಯ ಮುಂದಿನ ಕಲ್ಲಿನ ಕಟ್ಟೆಯ ಮೇಲೆ. ಟ್ರಯಲ್ ಚಾವಡಿಯಲ್ಲಿ ಕೂತಲ್ಲೇ ನಡೆದದ್ದರಿಂದ ಆಗ ಚಪ್ಪಲಿಯ ಮಾತು ಯಾರೂ ಎತ್ತಿರಲಿಲ್ಲ. ಮರುದಿನ ಬಣ್ಣ ಹಚ್ಚಿಕೊಂಡು ಚಪ್ಪಲಿಗೆ ಕುಂಕುಮ ಇಡುವಾಗ ಊರಿನ ಹಿರಿಯ ಗೌಡರು ಬಂದರು. ಬಿಳಿ ರುಮಾಲು, ಹಣೆಯ ತುಂಬ ವಿಭೂತಿ.

"ಮಾಸ್ತರ, ಕಟ್ಟಿ ಮ್ಯಾಲ ಚರ್ಮದ್ದು ಏರಂಗಿಲ್ಲ. ನಮ್ಮ ಅಪ್ಪನ ಕಾಲದಿಂದ ಇಲ್ಲ."

"ಇದು ಬೀದಿ ಕಾಣದ ಚಪ್ಪಲಿ ಗೌಡ್ರ. ಪೂಜಿ ಆಗೈತಿ ನೋಡ್ರಿ."

"ಆಗಿರಲಿ. ಚರ್ಮ ಚರ್ಮಾನ."

"ತಬಲಾನೂ ಚರ್ಮದ್ದ ಐತಲ್ರಿ?"

"ತಬಲಾ ಕಾಲಾಗ ಹಾಕ್ಕಂತಾರೇನ್ರಿ?" ಎಂದರು ಗೌಡರು.

ಇನ್‌ಸ್ಪೆಕ್ಟರ್ ಪಾತ್ರದವನು ಆಗಲೇ ಬೂಟು ಬಿಚ್ಚಿ, ಪೊಲೀಸ್ ಟೊಪ್ಪಿಗೆ ಹಾಕಿಕೊಂಡು ಬರಿಗಾಲಲ್ಲಿ ಪೆಚ್ಚಾಗಿ ನಿಂತಿದ್ದ. ಗೌಡರ ಮೇಲೆ ನನಗೆ ಸಿಟ್ಟು ಬರಲಿಲ್ಲ. ರಂಗಕ್ಕೆ ಹಣೆ ಹಚ್ಚಿ ಏರುವವಳು ನಾನೂ ಅಲ್ಲವೇ? ಕುಂಕುಮ ಇಟ್ಟ ಚಪ್ಪಲಿಯನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿಟ್ಟೆ.

ಗೌಡರು ಹೋದ ಮೇಲೆ ಮಾಸ್ತರರು ನನ್ನ ಮುಖ ನೋಡದೆ, "ನೀಲಾ, ಇದೊಂದು ಸಲ ಸರೋಜ ನಾಯಕಿ ಆಗಲಿ. ತಾಯಿ ಪಾತ್ರದಾಕಿ ನಾದಿನಿ ಮಾಡ್ತಾಳ, ನೀ ತಾಯಿ ಪಾತ್ರ ಮಾಡಿಬಿಡು. ಹಾಸಿಗ್ಯಾಗ ಮಲಗಿದ್ರ ಆತು" ಎಂದರು.

ಹಾಸಿಗೆ! ಎಷ್ಟು ನಾಟಕಗಳಲ್ಲಿ ಆ ಹಾಸಿಗೆಯಲ್ಲಿ ಸತ್ತಿದ್ದೆನೋ! ಮತ್ತೆ ಅಲ್ಲಿಗೆ ಹೋದರೆ ಈ ಸಲ ಏಳುವುದಿಲ್ಲ ಎನಿಸಿತು.

"ಇಲ್ರಿ ಮಾಸ್ತರ. ನಾನ ಹೋಗ್ತೀನಿ."

"ಬರಿಗಾಲಾಗ ಮಂದಿಗೆ ಗೊತ್ತಾಗತೈತೆವ್ವ."

"ಗೊತ್ತಾಗಂಗಿಲ್ಲ. ಚಪ್ಪಲಿ ಇದ್ದಂಗ ನಡೀತೀನಿ."

ಸರೋಜಳಿಗೆ ಆ ಪಾತ್ರ ಬಾಯಿಪಾಠವಿತ್ತು. ಆದರೂ, "ನನಗ ಆ ಮಾತು ಒಂದೂ ಬರಂಗಿಲ್ಲಪ್ಪ" ಎಂದು ಸುಳ್ಳು ಹೇಳಿ, ನನ್ನ ಸೀರೆಯನ್ನು ನೆಲ ಮುಟ್ಟುವಂತೆ ಇಳಿಸಿ ಪಿನ್ನು ಚುಚ್ಚಿದಳು. ಅವಳ ಋಣ ನನ್ನ ಮೇಲಿದೆ.

ಪರದೆ ಎದ್ದಿತು. ವಿಂಗಿನಲ್ಲಿ ನಿಂತು ಎರಡೂ ಹಿಮ್ಮಡಿ ಎತ್ತಿದೆ, ಬಲದ್ದು ಅದರ ಅಳತೆಗೆ, ಎಡದ್ದು ಅದರ ಅಳತೆಗೆ. ಬರಿಗಾಲ ಬೆರಳಿಗೆ ಕಟ್ಟೆಯ ಕಲ್ಲು ತಂಪಾಗಿ ತಾಗಿತು. ನಡೆದೆ. ನಾನು ಹೇಳಿರಲಿಲ್ಲ, ಮಾಸ್ತರರೂ ಹೇಳಿರಲಿಲ್ಲ. ನಮ್ಮ ಜೊತೆ ಊರೂರಿಗೆ ಬರುವ ತಬಲಾದವನೇ ರೂಢಿಯಿಂದ ತಬಲಾದ ಅಂಚಿನ ಮೇಲೆ ನನ್ನ ಹೆಜ್ಜೆಗೆ ಸರಿಯಾಗಿ ಟಕ್, ಟಕ್ ಎಂದು ಬಾರಿಸಿದ. ಮಂದಿ ಹೋ ಎಂದು ಎದ್ದರು.

ಮುಂದಿನ ಸಾಲಿನಲ್ಲಿ ಗೌಡರೂ ಎದ್ದರು.

"ನಿಲ್ಲಸ್ರೀ ನಾಟಕ!"

ತಮ್ಮ ಚಪ್ಪಲಿ ಕೆಳಗೆ ಬಿಟ್ಟು ಕಟ್ಟೆಯ ಮೆಟ್ಟಿಲು ಹತ್ತಿ ಬಂದು ನನ್ನ ಎದುರಿಗೆ ನಿಂತರು. "ಏನವಾ, ಹಿರೇರ ಮಾತಿಗೆ ಕಿಮ್ಮತ್ತಿಲ್ಲೇನು? ಕಾಲಾಗ ಏನೈತಿ ತೋರ್ಸು." ಮಾಸ್ತರರು ಪೆಟ್ಟಿಗೆ ಬಿಟ್ಟೆದ್ದು ಕೈ ಮುಗಿಯುತ್ತ ಓಡಿ ಬಂದರು. ಊರಿಗೆ ಊರೇ ನೋಡುತ್ತಿತ್ತು.

ನಾನು ಸೀರೆಯ ಅಂಚು ಎತ್ತಿದೆ.

ಗೌಡರು ಬಗ್ಗಿ ನೋಡಿದರು. ಬರಿಗಾಲು. "ಮತ್ತ ಆ ಟಕ್ ಟಕ್ ಎಲ್ಲಿಂದ ಬಂತು?" ಎಂದರು. ತಬಲಾದವನು ಅಂಚಿನ ಮೇಲೆ ಬಾರಿಸಿ ತೋರಿಸಿದ. ಮಂದಿ ಗೊಳ್ಳೆಂದು ನಕ್ಕರು. ಗೌಡರೂ ಮೀಸೆಯಲ್ಲೇ ನಕ್ಕು, "ತಪ್ಪಾತವಾ. ಹಿಮ್ಮಡ ಇಳಿಸು, ಯಾಕ ಕಾಲು ನೋಯಿಸ್ಕಂತಿ?" ಎಂದರು.

ಇಳಿಸಿದರೆ ಏನಾಗುತ್ತದೆಂದು ನನಗೆ ಗೊತ್ತಿತ್ತು. ಇಳಿಸದೆ ಇದ್ದರೂ ಎರಡು ಹಿಮ್ಮಡಿಗಳು ಎರಡು ಎತ್ತರದಲ್ಲಿರುವುದನ್ನು ಅವರು ಈಗಾಗಲೇ ನೋಡಿದ್ದರು. ಇಷ್ಟು ವರ್ಷ ಮುಚ್ಚಿಟ್ಟದ್ದು ಸಾಕು ಎನಿಸಿತು. ಎರಡನ್ನೂ ನೆಲಕ್ಕೆ ಊರಿದೆ. ಎಡ ಹೆಗಲು ಜಾರಿತು. ಮಂದಿಯ ನಗು ಅಲ್ಲೇ ನಿಂತಿತು.

"ನನ್ನ ಎಡಗಾಲು ಗಿಡ್ಡ ಐತ್ರಿ ಗೌಡ್ರ. ಚಪ್ಪಲಿ ಇದ್ರ ಸಮ ಆಗತಿತ್ತು. ನೀವು ಬ್ಯಾಡಂದ್ರಿ. ಅದಕ್ಕ ಕಾಲನ್ನ ಚಪ್ಪಲಿ ಮಾಡ್ಕಂಡೆ."

"ನಾಟಕ ಮುಗಿಯೋ ತನ ಹಿಂಗ ನಡೀತಿಯೇನವಾ?"

"ನಾಯಕಿ ಅದೀನ್ರಿ. ನಡೀಬೇಕು."

ಗೌಡರು ಮಾಸ್ತರರ ಕಡೆ ತಿರುಗಿ, ಮೈಕಿಗೂ ಕೇಳುವಂತೆ, "ಮೊದಲಿಂದ ಹಚ್ಚ್ರಿ ಮಾಸ್ತರ. ಚಪ್ಪಲಿ ಹುಡುಕೋ ಭರದಾಗ ನಾ ಈಕಿ ನಡಿಗಿ ಸರಿಯಾಗಿ ನೋಡಲಿಲ್ಲ" ಎಂದು ಹೇಳಿ, ಮೆಟ್ಟಿಲಿಳಿದು ತಮ್ಮ ಜಾಗದಲ್ಲಿ ಕೂತರು. ಹಿಂದಿನ ಸಾಲಿನಲ್ಲಿ ಯಾರೋ ಒಬ್ಬರು, "ಒನ್ಸ್ ಮೋರ್!" ಎಂದರು. ಮತ್ತೊಬ್ಬರು ಎಂದರು. ನೋಡನೋಡುತ್ತ ಇಡೀ ಬಯಲೇ ಕೂಗತೊಡಗಿತು.

ಹಾಡಿಗೆ ಒನ್ಸ್ ಮೋರ್ ಪಡೆದ ನಟಿಯರು ಬೇಕಾದಷ್ಟು ಮಂದಿ ಇದ್ದಾರೆ. ಮಾತಿಗೆ ಪಡೆದವರೂ ಇದ್ದಾರೆ. ನಡೆದದ್ದಕ್ಕೆ ಪಡೆದವಳನ್ನು ನಾನಂತೂ ಇನ್ನೊಬ್ಬಳನ್ನು ಕಾಣೆ.

ವಿಂಗಿಗೆ ಹೋಗಿ ನಿಂತೆ. ಸರೋಜ ಕಣ್ಣೊರೆಸಿಕೊಳ್ಳುತ್ತಲೇ ಬಗ್ಗಿ, ನನ್ನ ಸೀರೆಯ ಅಂಚನ್ನು ಮತ್ತೆ ನೆಲಕ್ಕೆ ಇಳಿಸಲು ಹೋದಳು. ಬೇಡ ಎಂದೆ. ಅವಳು ಚುಚ್ಚಿದ್ದ ಪಿನ್ನು ತೆಗೆದು, ಸೀರೆಯನ್ನು ಕಣಕಾಲಿನ ಮೇಲಕ್ಕೆ ಎತ್ತಿ ಸೊಂಟಕ್ಕೆ ಸಿಕ್ಕಿಸಿದೆ. ನನ್ನ ಎರಡೂ ಕಾಲು ಕುರುಗೋಡಿನ ಮಂದಿಗೆ ಚೆನ್ನಾಗಿ ಕಾಣಬೇಕಿತ್ತು. ತಬಲಾ ಶುರುವಾಯಿತು. ಹಿಮ್ಮಡಿ ಎತ್ತಿ ನಡೆದು ಬಂದೆ.